ಡಬ್ಬಿ ತೆರೆಯದ ಮಂಗಗಳ ಊರಿನಲ್ಲಿ

ಹೊಸಪೇಟೆ ನಿಲ್ದಾಣದಲ್ಲಿ ರೈಲು ನಿಂತಾಗ ಬೆಳಗಿನ ಏಳು ದಾಟಿತ್ತು. ಸಂಕ್ರಾಂತಿ ಮುಗಿದ ವಾರ, ಇನ್ನೂ ಶಾಲು ಬಿಡುವಂತಿರಲಿಲ್ಲ. ನನ್ನ ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಮೈಸೂರಿನಲ್ಲಿ ಹತ್ತಿದಾಗಿನಿಂದ ಎದುರು ಸೀಟಿನ ಯಜಮಾನರು ಆ ಪೆಟ್ಟಿಗೆಯ ಮೇಲೇ ಕಣ್ಣಿಟ್ಟಿದ್ದರು. "ಕೊಡಿ, ಇಳಿಸಿಕೊಡ್ತೀನಿ" ಎಂದು ಕೈ ಚಾಚಿದರು. "ಬೇಡಿ, ನನ್ನ ಸಾಮಾನು ನಾನೇ ಎತ್ತಿಕೊಂಡು ಅಭ್ಯಾಸ" ಎಂದೆ. ಒಳಗೇನಿದೆ ಎಂದು ಕೇಳಿದರು. ಮಂಗಗಳಿಗೆ ಪರೀಕ್ಷೆ ಇದೆ, ಪ್ರಶ್ನೆಪತ್ರಿಕೆ ತಂದಿದ್ದೇನೆ ಎಂದೆ. ಅವರು ನಗಲಿಲ್ಲ, ನಂಬಿದಂತೆಯೂ ಕಾಣಲಿಲ್ಲ.

ನಾನು ಹೇಳಿದ್ದು ನಿಜವೇ. ಮನುಷ್ಯರೂ ಪ್ರಾಣಿಗಳೂ ಹೊಸದೊಂದನ್ನು ಹೇಗೆ ಕಲಿಯುತ್ತಾರೆ, ಎಲ್ಲಿ ಒಂದೇ ದಾರಿ ಹಿಡಿಯುತ್ತಾರೆ, ಎಲ್ಲಿ ದಾರಿ ಬೇರೆಯಾಗುತ್ತದೆ ಎಂದು ನೋಡುವುದು ನನ್ನ ಕಸುಬು. ಮೈಸೂರಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಪೆಟ್ಟಿಗೆಯೊಳಗಿದ್ದದ್ದು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಡಬ್ಬಿ. ಮುಚ್ಚಳವನ್ನು ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ತೆರೆಯುತ್ತದೆ. ಒಳಗೆ ಹುರಿದ ಶೇಂಗಾ ಹಾಕಿ ಮಂಗಗಳ ಮುಂದೆ ಇಡುವುದು, ಅವು ಏನು ಮಾಡುತ್ತವೆ ಎಂದು ನೋಡುವುದು. ಅದೇ ಡಬ್ಬಿಯನ್ನು ಚಿಕ್ಕ ಮಕ್ಕಳಿಗೂ ಕೊಟ್ಟು ಹೋಲಿಸುವುದು. ನನ್ನ ಸಂಶೋಧನಾ ವಿದ್ಯಾರ್ಥಿನಿ ಸುಜಾತಾ ಎರಡು ವರ್ಷದಿಂದ ಇಂಥದ್ದೇ ಡಬ್ಬಿ ಹಿಡಿದು ಹಂಪಿಯ ಮಂಗಗಳ ಹಿಂದೆ ಬಿದ್ದಿದ್ದಳು. ಒಂದು ಮಂಗವೂ ಡಬ್ಬಿ ತೆರೆದಿರಲಿಲ್ಲ. ಮುಂದಿನ ವಾರ ಅವಳ ಕೆಲಸದ ಪರಿಶೀಲನೆ ಇತ್ತು. ತೋರಿಸಲು ಏನೂ ಇಲ್ಲದಿದ್ದರೆ ಅವಳ ವಿದ್ಯಾರ್ಥಿವೇತನ ನಿಲ್ಲುತ್ತದೆ. ಹಂಪಿಯನ್ನು ಬಿಡಿಸಿ, ಅವಳನ್ನು ಮೈಸೂರಿನ ಪ್ರಯೋಗಾಲಯದ ಪಾರಿವಾಳಗಳ ಕೆಲಸಕ್ಕೆ ಕರೆದೊಯ್ಯುವುದೆಂದು ನಾನು ರೈಲು ಹತ್ತುವ ಮೊದಲೇ ತೀರ್ಮಾನಿಸಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಮನೆಯವರೆಲ್ಲ ಹೇಳುತ್ತಾರೆ.

ಸುಜಾತಾ ಹೊರಗೆ ಕಾಯುತ್ತಿದ್ದಳು. ಕಂಪ್ಲಿ ಹತ್ತಿರದ ಎಮ್ಮಿಗನೂರಿನವಳು. ಎತ್ತರದ ಹುಡುಗಿ, ಬಿಸಿಲಿಗೆ ಕಪ್ಪಾದ ಮುಖ, ಕಾಲಲ್ಲಿ ದಪ್ಪ ಬೂಟು. "ಮೇಡಂ, ಮೊದ್ಲು ನಾಷ್ಟಾ ಮಾಡ್ರಿ. ಕ್ವಾತಿಗುಳು ಹತ್ತಕ್ಕ ಬರ್ತಾವ" ಎಂದಳು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಬಿಸಿ ಮಿರ್ಚಿ ಬಜ್ಜಿ. ಇಬ್ಬರಿಗೂ ಚಹಾ ಸೇರಿ ನೂರು ರೂಪಾಯಿಗೆ ಸ್ವಲ್ಪ ಕಡಿಮೆಯಾಯಿತು. ಮಿರ್ಚಿ ನನ್ನ ಕಣ್ಣಲ್ಲಿ ನೀರು ಬರಿಸಿತು, ಆದರೂ ಎರಡನೆಯದನ್ನು ಬಿಡಲಿಲ್ಲ. ಕಡ್ಡಿರಾಂಪುರಕ್ಕೆ ಹಂಪಿಯ ಬಸ್ಸಿನಲ್ಲಿ ಹೋದೆವು. ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ. ಆಧಾರ್ ಕಾರ್ಡು ನೋಡಿದ ಕಂಡಕ್ಟರು ನನ್ನ ಪೆಟ್ಟಿಗೆಗೂ ಟಿಕೆಟ್ಟು ಕೇಳಲಿಲ್ಲ.

ಕಡ್ಡಿರಾಂಪುರದಲ್ಲಿ ಉಳಿದುಕೊಂಡದ್ದು ಹುಲಿಗೆಮ್ಮ ಎಂಬವರ ಮನೆಯಲ್ಲಿ. ಮುಂದೆ ರಸ್ತೆಗೆ ಊಟದ ಚಪ್ಪರ, ಹಿಂದೆ ಪ್ರವಾಸಿಗಳಿಗೆ ಮೂರು ಕೋಣೆ, ಅದರಾಚೆ ಬಾಳೆತೋಟ, ಆಮೇಲೆ ಹಂಪಿಯ ಬಂಡೆಗಳು. "ಬರ್ರಿ ಅಕ್ಕಾರ, ಕುಂದ್ರಿ" ಎಂದು ನೀರು ಕೊಟ್ಟರು. ಮನೆಯ ಪಕ್ಕದಲ್ಲೇ ಪುಟ್ಟ ಹನುಮಪ್ಪನ ಗುಡಿ. ಗುಡಿಯ ಮುಂದೆ ತೆಂಗಿನಕಾಯಿ ಒಡೆಯುವ ಕಲ್ಲು, ಕಲ್ಲಿನ ಪಕ್ಕದಲ್ಲಿ ಒಂದು ಹೆಣ್ಣು ಮಂಗ. ಯಾರ ಚೀಲದಿಂದಲೋ ಉರುಳಿದ ಇಡೀ ಕಾಯಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕುಳಿತಿತ್ತು. ಹಣ್ಣುಕಾಯಿ ಮಾಡಿಸಲು ಬಂದ ಒಬ್ಬಾತ ಅದರ ಕೈಯಿಂದ ಕಾಯಿ ತೆಗೆದುಕೊಂಡು, ಕಲ್ಲಿಗೆ ಒಡೆದು, ಒಂದು ಹೋಳು ಅದಕ್ಕೇ ಕೊಟ್ಟು ಹೋದ. ಮೂಗಿನ ಎಡಕ್ಕೆ ಬಿಳಿ ಮಚ್ಚೆ ಇದ್ದದ್ದರಿಂದ ಸುಜಾತಾ ಆ ಮಂಗಕ್ಕೆ ಮೂಗುತಿ ಎಂದು ಹೆಸರಿಟ್ಟಿದ್ದಳು.

"ನೋಡಮ್ಮ, ಇದೇ ತೊಂದರೆ" ಎಂದೆ ನಾನು. "ದೇವರ ಹೆಸರಲ್ಲಿ ಉಣ್ಣಿಸಿ ಉಣ್ಣಿಸಿ ಇವನ್ನ ಕೆಡಿಸಿಟ್ಟಿದ್ದಾರೆ. ಕೂತಲ್ಲಿಗೆ ಬರುವಾಗ ತಲೆ ಯಾಕೆ ಓಡಿಸುತ್ತವೆ?"

ಹತ್ತು ಗಂಟೆಗೆ ಬಾಳೆತೋಟ ದಾಟಿ ಚಪ್ಪಟೆ ಬಂಡೆಯೊಂದರ ಮೇಲೆ ಡಬ್ಬಿ ಇಟ್ಟೆವು. ಮಂಗಗಳು ಎತ್ತಿಕೊಂಡು ಓಡದಂತೆ ಅದನ್ನು ತಂತಿಯಿಂದ ಬಂಡೆಗೆ ಬಿಗಿದೆವು. ಫೋನನ್ನು ಕಡ್ಡಿಗೆ ಸಿಕ್ಕಿಸಿ ಡಬ್ಬಿಯತ್ತ ತಿರುಗಿಸಿಟ್ಟು, ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ಕುಳಿತೆವು. ನಮ್ಮ ಮುಖದಲ್ಲಿ ಯಾವ ಸುಳಿವೂ ಅವಕ್ಕೆ ಸಿಗಬಾರದು, ಅದಕ್ಕೆ ಈ ನಿಯಮ. ನಿಯಮ ಮಾಡಿದವಳು ನಾನೇ. ಬಂಡೆಯ ಮೇಲೆ ನಡೆಯುವುದೆಲ್ಲ ಇನ್ನೊಂದು ಫೋನಿನಲ್ಲಿ ಕಾಣುತ್ತಿತ್ತು. ಮೂಗುತಿ ಬಂದಿತು. ಡಬ್ಬಿಯನ್ನು ಮೂಸಿತು, ಮುಚ್ಚಳವನ್ನು ಕಚ್ಚಿತು, ಎಳೆಯಿತು. ತಂತಿ ಬಿಡಲಿಲ್ಲ. ಆಮೇಲೆ ಡಬ್ಬಿಯನ್ನು ಬಿಟ್ಟು ನಮ್ಮ ಹಿಂದೆ ಬಂದು ಸುಜಾತಾಳ ಜಡೆ ಹಿಡಿದು ಜಗ್ಗಿತು. ಡಬ್ಬಿ ಬಿಟ್ಟು ಮನುಷ್ಯರ ಹತ್ತಿರ ಬಂದರೆ ಆ ಸರದಿ ಮುಗಿಯಿತು, ಮಂಗ ಸೋತಿತು ಎಂದು ಲೆಕ್ಕ. ಆ ಬೆಳಗ್ಗೆ ಬಂದ ಮಂಗಗಳೆಲ್ಲ ಹೀಗೇ ಸೋತವು. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂಬ ಗಾದೆಯನ್ನು ನಾನು ಎರಡು ಸಲವಾದರೂ ಹೇಳಿರಬೇಕು.

ಊಟಕ್ಕೆ ಕುಳಿತಾಗ ಮಾತು ತೆಗೆದೆ. ಪಾರಿವಾಳಗಳ ಕೆಲಸ ಸಿದ್ಧವಿದೆ, ಪರಿಶೀಲನೆಯಲ್ಲಿ ನಾನೇ ಮಾತಾಡಿ ದಾಟಿಸುತ್ತೇನೆ, ಹಂಪಿ ಸಾಕು ಎಂದೆ. ಸುಜಾತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನಮ್ಮ ಕ್ವಾತಿ ದಡ್ಡ ಅಲ್ರಿ ಮೇಡಂ. ಎರಡು ವರ್ಷ ನೋಡೀನಿ. ಇದನ್ನ ಬಿಟ್ಟು ಹೋದ್ರ, ದಡ್ಡ ಅಂತ ನಾನೇ ಬರ್ದು ಸಹಿ ಹಾಕಿದಂಗ ಆಗ್ತದ."

"ಹಾಗಾದರೆ ಯಾಕೆ ತೆರೆಯುವುದಿಲ್ಲ?"

"ಗೊತ್ತಿಲ್ರಿ. ಡಬ್ಬಿನೇ ಸರಿ ಇಲ್ಲೇನೋ."

ಅದು ನ್ಯಾಯವಾದ ಮಾತು. ಡಬ್ಬಿಯನ್ನು ಬೇರೆ ಮಂಗಗಳಿಗೆ ಕೊಟ್ಟು ನೋಡೋಣ ಎಂದು ಒಪ್ಪಿದೆ. ಅವಳ ಗೆಳತಿಯ ತಂದೆಗೆ ಸಂಡೂರಿನಲ್ಲಿ ಪೇರಲ ತೋಟವಿತ್ತು.

ಮರುದಿನ ಗುರುವಾರ. ಹೊಸಪೇಟೆಯಿಂದ ಸಂಡೂರಿಗೆ ಸುಮಾರು ಮೂವತ್ತು ಕಿಲೋಮೀಟರು. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡದ್ದರಿಂದ ಒಂದೂಕಾಲು ಗಂಟೆ ಹಿಡಿಯಿತು. ರಸ್ತೆ ಬದಿಯ ಮರಗಳ ಎಲೆಗಳೂ ಕೆಂಪು. ಬಸ್ಸಿನ ಕಿಟಕಿ ಮುಚ್ಚಿದ್ದರೂ ನನ್ನ ಬಿಳಿ ಸೀರೆಯ ಅಂಚು ಬಣ್ಣ ಬದಲಿಸಿತು. ಘಾಟಿ ಇಳಿದ ಮೇಲೆ ಕಣಿವೆ ತೆರೆದುಕೊಂಡಾಗ ಮಾತ್ರ ಮನಸ್ಸು ತಂಪಾಯಿತು. ಬೆಟ್ಟಗಳು ಊರನ್ನು ಸುತ್ತುವರಿದಿದ್ದವು, ಗಾಳಿ ಹೊಸಪೇಟೆಗಿಂತ ತಣ್ಣಗಿತ್ತು.

ತೋಟದ ಯಜಮಾನರು ಬೇಲಿಯ ಬಳಿಯೇ ಸಿಕ್ಕರು. ಡಬ್ಬಿಯನ್ನು ತಿರುಗಿಸಿ ನೋಡಿ, "ಇಲ್ಲಿ ಕ್ವಾತಿಗೆ ಯಾರೂ ಏನೂ ಕೊಡಂಗಿಲ್ರಿ. ಪಟಾಕಿ ಒಂದು ಕೊಡ್ತೀವಿ" ಎಂದರು. ಅವರನ್ನು ಪಟಾಕಿ ಸಮೇತ ಮನೆಗೆ ಕಳಿಸಿ, ಬೇಲಿಯಾಚೆಯ ಕಲ್ಲಿಗೆ ಡಬ್ಬಿ ಬಿಗಿದು ಬೆನ್ನು ಮಾಡಿ ಕುಳಿತೆವು. ಬಹಳ ಹೊತ್ತು ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಗಂಡು ಇಳಿದು ಬಂದಿತು. ಮುಚ್ಚಳವನ್ನು ಬಡಿಯಿತು, ಕಚ್ಚಿತು, ಎರಡೂ ಅಂಗೈಯಲ್ಲಿ ಒತ್ತಿ ತಿರುಗಿಸಿತು. ಮುಚ್ಚಳ ಹಾರಿತು. ಅದನ್ನು ನೋಡುತ್ತ ಕುಳಿತಿದ್ದ ಎಳೆಯ ಮಂಗವೊಂದು ಎರಡನೇ ಸಲ ತುಂಬಿಟ್ಟಾಗ ತಾನೂ ತೆರೆಯಿತು. ಒಂದೂ ನಮ್ಮ ಹತ್ತಿರ ಸುಳಿಯಲಿಲ್ಲ.

ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಡಬ್ಬಿ ಸರಿಯಾಗಿತ್ತು, ನನ್ನ ಮಾತೂ ಸರಿಯಾಗಿತ್ತು. ಕಷ್ಟಪಟ್ಟು ತಿನ್ನುವ ಮಂಗ ಕಲಿಯುತ್ತದೆ, ಪ್ರಸಾದ ತಿನ್ನುವ ಮಂಗ ಮರೆಯುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತ ಇದನ್ನೆಲ್ಲ ಸುಜಾತಾಳಿಗೆ ವಿವರಿಸಿದೆ. ಎಣ್ಣೆಗಾಯಿ ಬಹಳ ಚೆನ್ನಾಗಿತ್ತು. ಅವಳು ಅರ್ಧ ರೊಟ್ಟಿ ಬಿಟ್ಟು ಎದ್ದಳು. ಹೊಸಪೇಟೆಯಲ್ಲಿ ಬಸ್ಸು ಇಳಿಯುವಾಗ, "ನಾಳೆ ನಮ್ಮೂರಾಗ ಮಕ್ಕಳ ಕೆಲ್ಸ ಐತ್ರಿ. ಅದನ್ನಾರ ಮುಗ್ಸಿ ಹೋಗ್ರಿ" ಎಂದಳು. ನನಗೆ ಕೆಡುಕೆನಿಸಿತು, ಆದರೆ ತೀರ್ಮಾನ ಬದಲಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಕಂಪ್ಲಿಯ ಬಸ್ಸು ಹಿಡಿದೆವು. ಬುಕ್ಕಸಾಗರ ದಾಟುತ್ತಿದ್ದಂತೆ ಎರಡೂ ಕಡೆ ನೀರು ನಿಂತ ಗದ್ದೆಗಳು, ನಾಟಿ ಹಚ್ಚುವ ಹೆಂಗಸರ ಸಾಲುಗಳು. ಎರಡು ದಿನ ಕೆಂಪು ಧೂಳು ಮತ್ತು ಬಂಡೆ ನೋಡಿದ ಕಣ್ಣಿಗೆ ಆ ಹಸಿರು ಹಬ್ಬವಾಯಿತು. ಕಂಪ್ಲಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಇಳಿದು, ಅಲ್ಲಿಂದ ಎಮ್ಮಿಗನೂರಿಗೆ ಶೇರ್ ಆಟೊದಲ್ಲಿ ಹೋದೆವು. ತಲೆಗೆ ಮೂವತ್ತು ರೂಪಾಯಿ, ತೊಡೆಯ ಮೇಲೆ ಯಾರದೋ ಮೆಂತ್ಯೆ ಸೊಪ್ಪಿನ ಗಂಟು.

ಸುಜಾತಾಳ ಮನೆಯಲ್ಲಿ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಅವಳ ಪದವಿಯ ಫೋಟೊ. ಅವಳ ತಾಯಿ ಹನುಮಕ್ಕ ಅಂದು ನಾಟಿ ಕೆಲಸಕ್ಕೆ ಹೋಗದೆ ನಮಗಾಗಿ ಉಳಿದಿದ್ದರು. ಅವರು ಮಗಳ ಪರ ನಿಲ್ಲುತ್ತಾರೆಂದು ನಾನು ಎಣಿಸಿದ್ದೆ. ಅವರು ಚಹಾ ಕೊಡುತ್ತ, "ಕರ್ಕೊಂಡು ಹೋಗ್ರಿ ಮೇಡಮ್ಮಾರ. ಕ್ವಾತಿ ಹಿಂದ ಎಷ್ಟು ದಿನ ತಿರುಗ್ತಾಳ? ಅಲ್ಲಿ ಫ್ಯಾನ್ ಕೆಳಗ ಕುಂತು ಕೆಲ್ಸ ಮಾಡ್ಲಿ" ಎಂದರು.

"ಯವ್ವಾ, ನೀ ಸುಮ್ಕಿರು" ಎಂದಳು ಸುಜಾತಾ. "ಫ್ಯಾನ್ ಬ್ಯಾಡ ನನಗ. ನನ್ನ ಪ್ರಶ್ನೆ ಇಲ್ಲೈತಿ."

ಅಂಗನವಾಡಿ ಎರಡು ಮನೆಯಾಚೆ. ನಾಲ್ಕೈದು ವರ್ಷದ ಮಕ್ಕಳು ಗೋಡೆಗೆ ಒರಗಿ ಕೈಕಟ್ಟಿ ಕುಳಿತಿದ್ದರು. ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆಯುವುದು, ಡಬ್ಬಿ ಮುಂದಿಡುವುದು. ಒಳಗೆ ಶೇಂಗಾ ಬದಲು ಬಣ್ಣದ ಪೆಪ್ಪರ್‌ಮೆಂಟು. ಮೊದಲ ಹುಡುಗಿಯ ಹೆಸರು ಭೂಮಿಕಾ, ಎರಡು ಜಡೆ, ಕಣ್ಣಿಗೆ ದಪ್ಪ ಕಾಡಿಗೆ. ಅವಳು ಡಬ್ಬಿಯನ್ನು ನೋಡಿದಳು, ಪೆಪ್ಪರ್‌ಮೆಂಟು ನೋಡಿದಳು, ಕಟ್ಟಿದ ಕೈ ಬಿಚ್ಚಲಿಲ್ಲ. ಬೇರೆಯವರ ವಸ್ತುವನ್ನು ಕೇಳದೆ ಮುಟ್ಟಬಾರದೆಂದು ಊರಿನ ಮಕ್ಕಳಿಗೆಲ್ಲ ಕಲಿಸಿರುತ್ತಾರೆ. ಬಾಗಿಲಲ್ಲಿದ್ದ ಶಿಕ್ಷಕಿ "ತಗೋ, ಏನೂ ಅನ್ನಂಗಿಲ್ಲ" ಎಂದ ಮೇಲೆಯೇ ಕೈ ಮುಂದೆ ಬಂದದ್ದು.

ಮುಚ್ಚಳವನ್ನು ಎಳೆದಳು. ಹಲ್ಲಿನಿಂದ ಕಚ್ಚಿದಳು. ಆಗಲಿಲ್ಲ. ಆಗ ತಲೆ ಎತ್ತಿ ಕೋಣೆಯನ್ನೊಮ್ಮೆ ನೋಡಿದಳು. ಶಿಕ್ಷಕಿ ಹೊರಗಿನ ಗದ್ದಲದ ಕಡೆ ತಿರುಗಿದ್ದರು. ಸುಜಾತಾ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಭೂಮಿಕಾಳನ್ನೇ ನೋಡುತ್ತಿದ್ದವಳು ನಾನೊಬ್ಬಳು. ಅವಳು ಡಬ್ಬಿ ಎತ್ತಿಕೊಂಡು ನೆಟ್ಟಗೆ ನನ್ನ ಬಳಿ ಬಂದು, ನನ್ನ ತೊಡೆಯ ಮೇಲಿಟ್ಟು, ಮುಚ್ಚಳದ ಮೇಲೆ ಬೆರಳು ಇಟ್ಟಳು. ನಾನು ನಕ್ಕು ತೆರೆದುಕೊಟ್ಟೆ. "ಜಾಣೆ ಕಣೆ ನೀನು. ಯಾರನ್ನ ಕೇಳಬೇಕು ಅಂತ ಚೆನ್ನಾಗಿ ಗೊತ್ತು" ಎಂದೆ.

ಸುಜಾತಾ ಚೀಲ ಕೆಳಗಿಟ್ಟಳು. "ಮೇಡಂ, ಈ ಹುಡುಗಿ ಪಾಸೇನ್ರಿ?"

"ಪಾಸು. ಸಹಾಯ ಕೇಳುವುದೂ ಒಂದು ದಾರಿ ತಾನೆ?"

"ಮೂಗುತಿ ಮಾಡಿದ್ದೂ ಇದೇ ಅಲ್ರಿ? ಜಡೆ ಜಗ್ಗಿತು. ನಾವು ಬೆನ್ನು ಮಾಡಿ ಕುಂತಿದ್ವಿ. ಡಬ್ಬಿ ತರೋಣ ಅಂದ್ರ ತಂತಿ ಕಟ್ಟಿದ್ವಿ. ಈ ಮಕ್ಕಳ ಡಬ್ಬಿಗೆ ತಂತಿ ಕಟ್ಟಿದ್ವೇನ್ರಿ? ಇವರಿಗೆ ಬೆನ್ನು ಮಾಡಿ ಕುಂದ್ರಿ ಅಂದ್ರ ನೀವು ಕುಂದ್ರತಿದ್ರೇನು?"

ನಾನು ಕೂರುತ್ತಿರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಬೆನ್ನು ಮಾಡಿ ಕೂರುವ ಯೋಚನೆಯೇ ನನಗೆ ಬಂದಿರಲಿಲ್ಲ. ಹನುಮಪ್ಪನ ಗುಡಿಯ ಮುಂದೆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಸರಿಯಾಗಿ ಆ ಕಲ್ಲಿನ ಪಕ್ಕದಲ್ಲೇ ಕುಳಿತಿದ್ದ ಮೂಗುತಿ ಕಣ್ಣ ಮುಂದೆ ಬಂದಿತು. ಕಾಯಿ ಒಡೆಯುವುದು ಅದಕ್ಕೆ ಗೊತ್ತಿರಲಿಲ್ಲ. ಎಲ್ಲಿ ಒಡೆಯುತ್ತಾರೆ, ಯಾರು ಒಡೆಯುತ್ತಾರೆ ಎಂಬುದು ಗೊತ್ತಿತ್ತು. ಸಂಡೂರಿನ ಮಂಗಕ್ಕೆ ಮನುಷ್ಯನೆಂದರೆ ಪಟಾಕಿ, ಅದು ತಾನೇ ತೆರೆಯಬೇಕು. ಹಂಪಿಯ ಮಂಗಕ್ಕೆ ಮನುಷ್ಯನೇ ಕಲ್ಲು, ಮನುಷ್ಯನೇ ಸುತ್ತಿಗೆ.

ಆದರೂ ಸುಲಭಕ್ಕೆ ಒಪ್ಪುವ ಜಾಯಮಾನ ನನ್ನದಲ್ಲ. "ಭಿಕ್ಷೆ ಬೇಡುವುದಕ್ಕೂ ಸಹಾಯ ಕೇಳುವುದಕ್ಕೂ ವ್ಯತ್ಯಾಸ ಇದೆ" ಎಂದೆ. "ಬೇಡುವ ಮಂಗ ಯಾರ ಹತ್ತಿರವಾದರೂ ಹೋಗುತ್ತದೆ. ಕೇಳುವ ಮಂಗ ನೋಡುತ್ತಿರುವವರ ಹತ್ತಿರ ಹೋಗಬೇಕು, ಕೆಲಸವನ್ನೂ ಜೊತೆಗೆ ತರಬೇಕು."

"ಹಂಗಾರ ನಾಳೆ ತಂತಿ ಬಿಚ್ಚೋಣ್ರಿ" ಎಂದಳು ಸುಜಾತಾ. "ತರದಿದ್ರ ನಾನೇ ಮೈಸೂರಿಗೆ ಬರ್ತೀನಿ. ಒಂದು ಮಾತೂ ಆಡಂಗಿಲ್ಲ."

ಶನಿವಾರ ಹನುಮಪ್ಪನ ವಾರ. ಗುಡಿಯ ಮುಂದೆ ಬೆಳಗಿನಿಂದಲೇ ಜನ. ಜನ ಕರಗಲೆಂದು ಕಾದು, ಬಿಸಿಲೇರಿದ ಮೇಲೆ ಬಂಡೆಯ ಬಳಿ ಹೋದೆವು. ತಂತಿ ಬಿಚ್ಚಿದೆವು. ಸುಜಾತಾ ಬಂಡೆಯ ಎಡಗಡೆ ಡಬ್ಬಿಯತ್ತ ಮುಖ ಮಾಡಿ ಕುಳಿತಳು, ನಾನು ಬಲಗಡೆ ಬೆನ್ನು ಮಾಡಿ, ಬಂಡೆಯನ್ನೂ ಅವಳನ್ನೂ ತೋರಿಸುವ ಫೋನು ಕೈಯಲ್ಲಿ ಹಿಡಿದು. ನಾನು ನೀರಿನ ಬಾಟಲಿಯನ್ನು ಮತ್ತೆ ಮತ್ತೆ ಎತ್ತುತ್ತಿದ್ದೆ.

ಮೊದಲು ಬಂದದ್ದು ಒಂದು ದೊಡ್ಡ ಗಂಡು. ಡಬ್ಬಿಯನ್ನು ಬಾಚಿಕೊಂಡು ಮೇಲಿನ ಬಂಡೆಗೆ ಏರಿತು. ಸುಜಾತಾ ಕಣ್ಣು ಮುಚ್ಚಿಕೊಂಡಳು. ಅದು ಎರಡು ಸಲ ಕುಕ್ಕಿ, ಬೇಸರ ಬಂದು ಡಬ್ಬಿಯನ್ನು ಬಿಟ್ಟುಬಿಟ್ಟಿತು. ಉರುಳಿ ಬಂದ ಡಬ್ಬಿಯ ಮೂಲೆ ಬಿರುಕುಬಿಟ್ಟಿತ್ತು, ಮುಚ್ಚಳ ಗಟ್ಟಿಯಾಗಿಯೇ ಇತ್ತು. ಎಲ್ಲಿಂದಲೋ ಮೂಗುತಿ ಇಳಿದು ಬಂದು ಅದನ್ನು ಎತ್ತಿಕೊಂಡಿತು. ಕಚ್ಚಿತು, ಎಳೆಯಿತು, ಅಲ್ಲಾಡಿಸಿ ಶೇಂಗಾದ ಸದ್ದು ಕೇಳಿತು. ಆಮೇಲೆ ನನ್ನ ಬೆನ್ನನ್ನು ನೋಡಿತು, ಸುಜಾತಾಳ ಮುಖವನ್ನು ನೋಡಿತು. ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹೋಗಿ ಸುಜಾತಾಳ ಪಾದದ ಬಳಿ ಇಟ್ಟು ಕುಳಿತಿತು. ಅವಳು ತೆರೆದುಕೊಟ್ಟಳು.

"ನಿನ್ನ ಪರಿಚಯ ಇದೆ ಅದಕ್ಕೆ" ಎಂದೆ ನಾನು. "ಈಗ ನೀನು ಬೆನ್ನು ಮಾಡು."

ಸುಜಾತಾ ತಿರುಗಿದಳು. ಡಬ್ಬಿಯನ್ನು ಮತ್ತೆ ತುಂಬಿ ಬಂಡೆಯ ಮೇಲಿಟ್ಟು, ನಾನು ನನ್ನ ಜಾಗದಲ್ಲೇ ಮುಖ ಮಾಡಿ ಕುಳಿತೆ. ನಾನು ಆ ಮಂಗಕ್ಕೆ ಒಂದು ಕಾಳನ್ನೂ ಕೊಟ್ಟವಳಲ್ಲ. ಮೂಗುತಿ ಡಬ್ಬಿ ಹಿಡಿದು ಸುಜಾತಾಳ ಕಡೆಗೇ ಹೊರಟಿತು. ಅವಳ ಬೆನ್ನ ಹಿಂದೆ ನಿಂತಿತು. ಹಂಪಿಯನ್ನು ಬಿಡಿಸಲು ಬಂದವಳು ನಾನು, ಆ ಗಳಿಗೆಯಲ್ಲಿ ಮಾತ್ರ ಆ ಮಂಗ ಗೆಲ್ಲಲಿ ಎಂದು ಮನಸಾರೆ ಬಯಸಿದೆ. ಅದು ತಲೆ ತಿರುಗಿಸಿ ನನ್ನನ್ನು ನೋಡಿತು. ನಿಧಾನವಾಗಿ ಬಂಡೆ ದಾಟಿ ಬಂದು, ಡಬ್ಬಿಯನ್ನು ನನ್ನ ಸೀರೆಯ ನೆರಿಗೆಯ ಮೇಲಿಟ್ಟು, ಮುಚ್ಚಳದ ಮೇಲೆ ಕೈ ಇಟ್ಟಿತು.

ನಾನು ತೆರೆದುಕೊಟ್ಟೆ. ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡಲು ಹೋಗಲಿಲ್ಲ. ಒಂದು ಬೆಳಗಿನ ಆಟದಿಂದ ಶಾಸ್ತ್ರ ಸಿದ್ಧವಾಗುವುದಿಲ್ಲ, ಬೇರೆ ಬೇರೆ ಮಂಗಗಳಿಂದ ಇದನ್ನು ಮತ್ತೆ ಮತ್ತೆ ಮಾಡಿಸಿ ನೋಡಬೇಕು ಎಂದು ಸುಜಾತಾಳಿಗೆ ಹೇಳಿದೆ. ಆದರೆ ಪರಿಶೀಲನೆಯಲ್ಲಿ ತೋರಿಸಲು ಒಳ್ಳೆಯ ಪ್ರಶ್ನೆಯೊಂದು ಸಿಕ್ಕಿತ್ತು. ಮಂಗ ಡಬ್ಬಿ ತೆರೆಯುತ್ತದೆಯೇ ಎಂಬುದಲ್ಲ, ಯಾರಿಂದ ತೆರೆಸಬೇಕೆಂದು ಹೇಗೆ ಕಲಿಯುತ್ತದೆ ಎಂಬುದು. "ಮುಂದಿನ ವಾರ ಬಾ. ನಿನ್ನ ಪಕ್ಕದಲ್ಲಿ ನಾನು ಕೂರುತ್ತೇನೆ. ಮುಗಿಸಿಕೊಂಡು ವಾಪಸ್ ಇಲ್ಲಿಗೇ ಬಾ" ಎಂದೆ. ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡು ತಾಯಿಗೆ ಫೋನು ಮಾಡಿದಳು. "ಯವ್ವಾ, ಫ್ಯಾನ್ ಕ್ಯಾನ್ಸಲ್" ಎಂದಳು. ಆ ಕಡೆಯಿಂದ ಹನುಮಕ್ಕ ಬೈಯುತ್ತಿದ್ದದ್ದು ನನಗೂ ಕೇಳಿಸಿತು.

ಸಂಜೆಯ ರೈಲಿಗೆ ಹೊರಟಾಗ ಹುಲಿಗೆಮ್ಮ ರೊಟ್ಟಿ ಕಟ್ಟಿಕೊಟ್ಟು, ಸ್ಟೀಲ್ ಡಬ್ಬಿಯೊಂದರಲ್ಲಿ ಶೇಂಗಾ ಚಟ್ನಿಪುಡಿ ತುಂಬಿದರು. "ಭಾಳ ಬಿಗಿ ಹಾಕೀನ್ರಿ ಅಕ್ಕಾರ, ಚೆಲ್ಲಂಗಿಲ್ಲ" ಎಂದರು. ಸುಜಾತಾ ನಿಲ್ದಾಣದವರೆಗೆ ಬಂದಳು. ಬಿರುಕುಬಿಟ್ಟ ಪರೀಕ್ಷೆಯ ಡಬ್ಬಿಯನ್ನು ಅವಳ ಬಳಿಯೇ ಬಿಟ್ಟೆ. ರೈಲು ಹೊರಟ ಮೇಲೂ ಅವಳು ಅದನ್ನು ಕಂಕುಳಲ್ಲಿ ಹಿಡಿದು ನಿಂತಿದ್ದು ಕಾಣುತ್ತಿತ್ತು.

ಒಂದೆರಡು ನಿಲ್ದಾಣ ದಾಟಿದ ಮೇಲೆ ಹಸಿವಾಯಿತು. ರೊಟ್ಟಿ ಬಿಚ್ಚಿ ಚಟ್ನಿಪುಡಿಯ ಡಬ್ಬಿಗೆ ಕೈ ಹಾಕಿದೆ. ಮುಚ್ಚಳ ಅಲುಗಲಿಲ್ಲ. ಸೆರಗು ಹಿಡಿದು ತಿರುಗಿಸಿದೆ, ಸೀಟಿನ ಅಂಚಿಗೆ ಕುಟ್ಟಿದೆ, ಅಕ್ಕಪಕ್ಕ ನೋಡಿ ಹಲ್ಲಿನಿಂದಲೂ ಕಚ್ಚಿದೆ. ಆಮೇಲೆ ತಲೆ ಎತ್ತಿದೆ. ನನ್ನ ಪಕ್ಕದವರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ಎದುರಿನ ಹೆಂಗಸು ಮಾತ್ರ ನನ್ನನ್ನೇ ನೋಡುತ್ತಿದ್ದರು. ಎದ್ದು ಹೋಗಿ ಡಬ್ಬಿಯನ್ನು ಅವರ ಮುಂದಿಟ್ಟೆ.